ಸಿಗ್ನಲ್ ಹೋಗುವ ಮುನ್ನ ಇಳಿಸಿಟ್ಟುಕೊಳ್ಳಿ

ಹದಿನೈದು ವರ್ಷದ ಹಿಂದೆ ನಮ್ಮ ತಾಲ್ಲೂಕು ಕೇಂದ್ರಗಳ ರೀಚಾರ್ಜ್ ಅಂಗಡಿಗಳಿಗೆ ಇನ್ನೊಂದು ಕಸುಬಿತ್ತು. ಮೊಬೈಲ್‌ನಿಂದ ಮೆಮೊರಿ ಕಾರ್ಡ್ ಬಿಚ್ಚಿ ಕೊಟ್ಟರೆ ಸಿನಿಮಾ ಹಾಡು, ಭಜನೆ, ಹರಿಕಥೆ, ತಾಳಮದ್ದಳೆ, ಹೀಗೆ ಗಿರಾಕಿ ಕೇಳಿದ್ದನ್ನು ಕಂಪ್ಯೂಟರ್‌ನಿಂದ ತುಂಬಿಸಿ ಕೊಡುತ್ತಿದ್ದರು. ಒಮ್ಮೆ ತುಂಬಿಸಿಕೊಂಡರೆ ತಿಂಗಳುಗಟ್ಟಲೆ ಸಾಕು. ಗದ್ದೆಯಲ್ಲೂ ಕೇಳಬಹುದು, ಲಾರಿಯಲ್ಲೂ ಕೇಳಬಹುದು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಆ ಕಸುಬು ನಿಂತಿತು. ಬೇಕೆನಿಸಿದ್ದನ್ನು ಬೇಕಾದಾಗ ನೆಟ್‌ನಲ್ಲೇ ನೋಡಿದರಾಯಿತು ಎಂಬುದು ನಮ್ಮೆಲ್ಲರ ರೂಢಿಯಾಯಿತು.

ಆದರೆ ಈ ರೂಢಿ ನಡೆಯುವುದು ಟವರ್ ಇರುವಲ್ಲಿ ಮಾತ್ರ. ಆಗುಂಬೆಯ ತಿರುವುಗಳಲ್ಲಿ, ಚಾರ್ಮಾಡಿ ಘಾಟಿಯಲ್ಲಿ, ಜೋಯಿಡಾದ ಕಾಡಂಚಿನ ಊರುಗಳಲ್ಲಿ ಸಿಗ್ನಲ್ ಗೆರೆಗಳು ಒಂದೊಂದಾಗಿ ಮಾಯವಾಗುತ್ತವೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲು ಹತ್ತಾರು ಸುರಂಗ ದಾಟುವಷ್ಟರಲ್ಲಿ ನೋಡುತ್ತಿದ್ದ ವಿಡಿಯೊ ಹತ್ತಾರು ಸಲ ನಿಲ್ಲುತ್ತದೆ. ಕೊರೊನಾ ಕಾಲದ ಆನ್‌ಲೈನ್ ತರಗತಿಗಾಗಿ ಮಲೆನಾಡಿನ ಮಕ್ಕಳು ಗುಡ್ಡ ಹತ್ತಿ ಕೂತದ್ದನ್ನು ನಾಡೇ ಕಂಡಿದೆ. ಪಟ್ಟಣವೂ ಇದಕ್ಕೆ ಹೊರತಲ್ಲ. ಜೋರು ಮಳೆಗೆ ಕರೆಂಟು ಹೋಗಿ ಟವರ್‌ನ ಬ್ಯಾಟರಿಯೂ ಮುಗಿದರೆ, ಆಸ್ಪತ್ರೆಯ ನೆಲಮಾಳಿಗೆಯಲ್ಲಿ ರಿಪೋರ್ಟ್ ತೋರಿಸಬೇಕಾಗಿ ಬಂದರೆ, ದಿನದ ಡೇಟಾ ಸಂಜೆಯೇ ಖಾಲಿಯಾದರೆ ಎಲ್ಲರ ಪಾಡೂ ಒಂದೇ.

ಇಂಥ ಹೊತ್ತಿನಲ್ಲಿ ಕೈಕೊಡುವುದು ನೆಟ್‌ವರ್ಕ್ ಮಾತ್ರವಲ್ಲ, ನಮ್ಮ ತಿಳಿವಳಿಕೆಯೂ ಹೌದು. ಪರದೆಯ ಮೇಲೆ ದಿನಾ ಕಾಣುವುದೆಲ್ಲ ಫೋನಿನೊಳಗೇ ಇದೆ ಎಂದು ನಾವು ನಂಬಿರುತ್ತೇವೆ. ಅದರಲ್ಲಿ ಎಷ್ಟು ನಿಜವಾಗಿ ಫೋನಿನಲ್ಲಿದೆ, ಎಷ್ಟು ದೂರದ ಸರ್ವರ್‌ನಲ್ಲಿದೆ ಎಂದು ಗುರುತಿಸಲು ಬಂದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ ಮುಂಚಿತವಾಗಿ ಇಳಿಸಿಟ್ಟುಕೊಳ್ಳುವ ಶಿಸ್ತು.

ಎರಡು ಬಗೆಯ ಡೌನ್‌ಲೋಡ್

ಡೌನ್‌ಲೋಡ್ ಎಂಬ ಗುಂಡಿ ಎಲ್ಲ ಆಪ್‌ಗಳಲ್ಲೂ ಒಂದೇ ತರಹ ಕಂಡರೂ ಅದು ಮಾಡುವ ಕೆಲಸ ಎರಡು ಬಗೆಯದು.

ಮೊದಲನೆಯದರಲ್ಲಿ ಫೈಲ್ ನಿಮ್ಮ ಕೈಗೇ ಬರುತ್ತದೆ. ಬ್ರೌಸರ್‌ನಿಂದ ಇಳಿಸಿದ ಪಿಡಿಎಫ್, ಎಂಪಿ3 ಹಾಡು, ನೀವೇ ತೆಗೆದ ಫೋಟೊ, ವಾಟ್ಸ್ಆ್ಯಪ್‌ನಲ್ಲಿ ಬಂದು ಪೂರ್ತಿ ಇಳಿದ ವಿಡಿಯೊ ಈ ಗುಂಪಿನವು. ಇವು ಫೋನಿನ ಫೋಲ್ಡರ್‌ನಲ್ಲಿ ಕಾಣುತ್ತವೆ. ಬೇರೆ ಫೋನಿಗೆ ಕಳಿಸಬಹುದು, ಪೆನ್‌ಡ್ರೈವ್‌ಗೆ ಹಾಕಿಡಬಹುದು, ಯಾವ ಆಪ್‌ನಲ್ಲಾದರೂ ತೆರೆಯಬಹುದು. ನೀವು ಅಳಿಸುವ ತನಕ ಇರುತ್ತವೆ.

ಎರಡನೆಯದು ಗ್ರಂಥಾಲಯದಿಂದ ಎರವಲು ತಂದ ಪುಸ್ತಕವಿದ್ದಂತೆ. ಯೂಟ್ಯೂಬ್, ನೆಟ್‌ಫ್ಲಿಕ್ಸ್, ಸ್ಪಾಟಿಫೈ ಮೊದಲಾದವು ಇಳಿಸಿಕೊಡುವುದು ಈ ಬಗೆಯದನ್ನು. ಫೈಲ್ ಫೋನಿನಲ್ಲೇ ಕುಳಿತಿದ್ದರೂ ಬೀಗ ಹಾಕಿಕೊಂಡಿರುತ್ತದೆ, ಆ ಆಪ್‌ನೊಳಗೆ ಮಾತ್ರ ತೆರೆದುಕೊಳ್ಳುತ್ತದೆ. ಅದಕ್ಕೊಂದು ಗಡುವೂ ಇರುತ್ತದೆ. ಸ್ಪಾಟಿಫೈನಲ್ಲಿ ಇಳಿಸಿದ ಹಾಡುಗಳು ಉಳಿಯಬೇಕಾದರೆ 30 ದಿನಕ್ಕೊಮ್ಮೆಯಾದರೂ ಆಪ್ ನೆಟ್ ಮುಟ್ಟಬೇಕು. ನೆಟ್‌ಫ್ಲಿಕ್ಸ್‌ನಲ್ಲಿ ಕೆಲವು ಚಿತ್ರಗಳ ಗಡುವು ಏಳು ದಿನ. ಇನ್ನು ಕೆಲವನ್ನು ನೋಡಲು ಶುರು ಮಾಡಿದ 48 ಗಂಟೆಯೊಳಗೆ ಮುಗಿಸಬೇಕು. ಯೂಟ್ಯೂಬ್ ಕೂಡ ಆಗಾಗ ನೆಟ್ ಕೇಳುತ್ತದೆ. ಚಂದಾ ನಿಂತರೆ ಇಳಿಸಿದ್ದೂ ನಿಲ್ಲುತ್ತದೆ. ಕಂಪನಿಯೇ ಸೇವೆಯನ್ನು ಮುಚ್ಚಿದರೆ ಹೇಳುವುದೇ ಬೇಡ. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ನಿಂತಿತು. ಓದಬೇಕಾದ ಲೇಖನಗಳನ್ನು ಕೂಡಿಡಲು ಲಕ್ಷಾಂತರ ಜನ ನಂಬಿದ್ದ ಪಾಕೆಟ್ ಆಪನ್ನು ಮೊಜಿಲ್ಲಾ 2025ರ ಜುಲೈನಲ್ಲಿ ಮುಚ್ಚಿತು.

ಹಾಗೆಂದು ಎರಡನೆಯ ಬಗೆ ಕೆಟ್ಟದ್ದೇನಲ್ಲ. ರೈಲಿನಲ್ಲಿ ಒಂದು ರಾತ್ರಿ ಕಳೆಯಲು, ವಾರದ ಪ್ರವಾಸಕ್ಕೆ ಅದು ಸಾಕು. ಆದರೆ ವರ್ಷಗಟ್ಟಲೆ ಬೇಕಾಗುವ ಪಾಠ, ಅಜ್ಜಿಯ ಹಾಡಿನ ರೆಕಾರ್ಡಿಂಗ್, ಜಮೀನಿನ ಕಾಗದ ಇವೆಲ್ಲ ಮೊದಲನೆಯ ಬಗೆಯಲ್ಲಿಯೇ ಇರಬೇಕು.

ಇನ್ನೂ ಒಂದು ಮೋಸದ ಜಾಗವಿದೆ. ಗೂಗಲ್ ಫೋಟೋಸ್‌ನಲ್ಲಿ ‘ಫ್ರೀ ಅಪ್ ಸ್ಪೇಸ್’ ಒತ್ತಿದರೆ ಬ್ಯಾಕಪ್ ಆದ ಫೋಟೊಗಳ ಮೂಲ ಪ್ರತಿ ಫೋನಿನಿಂದ ಅಳಿಸಿಹೋಗುತ್ತದೆ. ಪುಟ್ಟ ಚಿತ್ರ ಮಾತ್ರ ಮೊದಲಿನಂತೆ ಕಾಣುತ್ತಿರುತ್ತದೆ. ನೆಟ್ ಇಲ್ಲದ ಕಡೆ ಅದನ್ನು ದೊಡ್ಡದು ಮಾಡಲು ಹೋದಾಗಲೇ ಗೊತ್ತಾಗುವುದು. ಐಫೋನ್‌ನಲ್ಲಿ ‘ಆಪ್ಟಿಮೈಸ್ ಐಫೋನ್ ಸ್ಟೋರೇಜ್’ ಆನ್ ಇದ್ದರೂ ಇದೇ ಕಥೆ. ಗೂಗಲ್ ಡ್ರೈವ್‌ನ ಫೈಲ್‌ಗಳೂ ಅಷ್ಟೆ. ಫೈಲ್‌ನ ಪಕ್ಕದ ಮೂರು ಚುಕ್ಕೆ ಒತ್ತಿ ‘ಮೇಕ್ ಅವೈಲಬಲ್ ಆಫ್‌ಲೈನ್’ ಆರಿಸಿದರೆ ಮಾತ್ರ ಫೋನಿನಲ್ಲಿ ಉಳಿಯುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಮಸುಕಾಗಿ ಕಾಣುವ ಫೋಟೊ ಇನ್ನೂ ನಿಮ್ಮ ಫೋನಿಗೆ ಇಳಿದಿರುವುದಿಲ್ಲ. ಬಹಳ ದಿನ ಹಾಗೇ ಬಿಟ್ಟರೆ ಆಮೇಲೆ ಒತ್ತಿದರೂ ಇಳಿಯದು, ಕಳಿಸಿದವರನ್ನೇ ಮತ್ತೆ ಕಳಿಸಿ ಎನ್ನಬೇಕಾಗುತ್ತದೆ.

ಜಾಗದ ಲೆಕ್ಕ

64 ಜಿಬಿ ಎಂದು ಬರೆದ ಫೋನಿನಲ್ಲಿ 64 ಜಿಬಿಯೂ ನಮಗೆ ಸಿಗುವುದಿಲ್ಲ. ಆಂಡ್ರಾಯ್ಡ್ ವ್ಯವಸ್ಥೆ ಮತ್ತು ಕಂಪನಿ ಮೊದಲೇ ತುಂಬಿದ ಆಪ್‌ಗಳೇ ಹತ್ತು ಹದಿನೈದು ಜಿಬಿ ನುಂಗಿರುತ್ತವೆ. ಸೆಟ್ಟಿಂಗ್ಸ್‌ನ ‘ಸ್ಟೋರೇಜ್’ ತೆರೆದು ಎಷ್ಟು ಖಾಲಿಯಿದೆ ಎಂದು ಮೊದಲು ನೋಡಿ. ಆ ಖಾಲಿ ಜಾಗವನ್ನೂ ಪೂರ್ತಿ ತುಂಬಬೇಡಿ. ಹತ್ತರಲ್ಲಿ ಒಂದು ಪಾಲಾದರೂ ಬಿಟ್ಟಿರಿ. ಮೆಮೊರಿ ಉಸಿರುಗಟ್ಟಿದರೆ ಫೋನ್ ನಿಧಾನವಾಗುತ್ತದೆ, ಅಪ್‌ಡೇಟ್ ನಿಲ್ಲುತ್ತದೆ, ಕ್ಯಾಮೆರಾ ಕೂಡ ಜಾಗವಿಲ್ಲ ಎನ್ನುತ್ತದೆ.

ಯಾವುದು ಎಷ್ಟು ಜಾಗ ಹಿಡಿಯುತ್ತದೆ ಎಂಬ ಅಂದಾಜು ಇದ್ದರೆ ಆಯ್ಕೆ ಸುಲಭ. ಅತಿ ಹಗುರ ಎಂದರೆ ಅಕ್ಷರ. ಯೂನಿಕೋಡ್‌ನಲ್ಲಿ ಟೈಪಿಸಿದ 300 ಪುಟದ ಕನ್ನಡ ಕಾದಂಬರಿಗೆ ಒಂದೆರಡು ಎಂಬಿ ಸಾಕು. ಅದೇ ಪುಸ್ತಕವನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡಿದರೆ ಹತ್ತಾರು ಎಂಬಿ. ಎರಡನೆಯ ಸ್ಥಾನ ದನಿಗೆ. 128 ಕೆಬಿಪಿಎಸ್‌ನ ಎಂಪಿ3 ಒಂದು ಗಂಟೆಗೆ ಸುಮಾರು 58 ಎಂಬಿ. ಎಂಟು ಗಂಟೆಯ ಇಡೀ ರಾತ್ರಿಯ ಯಕ್ಷಗಾನ 460 ಎಂಬಿ ಆದೀತು. ಬರೀ ಮಾತಿನ ತಾಳಮದ್ದಳೆಗೆ, ಉಪನ್ಯಾಸಕ್ಕೆ 64 ಕೆಬಿಪಿಎಸ್ ಸಾಕು, ಜಾಗ ಅರ್ಧಕ್ಕೆ ಇಳಿಯುತ್ತದೆ. ಎಲ್ಲಕ್ಕಿಂತ ಹಸಿವು ವಿಡಿಯೊಗೆ. ಒಂದು ಗಂಟೆಯ ಚಿತ್ರ ಸಾಧಾರಣ ಗುಣಮಟ್ಟದಲ್ಲಿ ಮುಕ್ಕಾಲು, ಒಂದು ಜಿಬಿ ಹಿಡಿದರೆ ಎಚ್‌ಡಿಯಲ್ಲಿ ಎರಡು ಮೂರು ಜಿಬಿ ಆಗುತ್ತದೆ.

ಆರಿಂಚಿನ ಪರದೆಯಲ್ಲಿ ಪಾಠದ ವಿಡಿಯೊ ನೋಡಲು 360ಪಿ ಅಥವಾ 480ಪಿ ಧಾರಾಳ. ಕಪ್ಪುಹಲಗೆಯ ಅಕ್ಷರ ಸಣ್ಣದಾಗಿದ್ದರೆ ಮಾತ್ರ 720ಪಿಗೆ ಹೋಗಿ. 1080ಪಿಯಲ್ಲಿ ಇಳಿಸಿ ಮೆಮೊರಿ ಫುಲ್ ಆಯಿತೆಂದು ಗೊಣಗುವುದರಲ್ಲಿ ಅರ್ಥವಿಲ್ಲ.

ಇಳಿಸುವುದಕ್ಕೂ ಒಂದು ಹೊತ್ತಿದೆ. ದಿನಕ್ಕೆ ಒಂದೂವರೆ, ಎರಡು ಜಿಬಿ ಕೊಡುವ ಪ್ಯಾಕ್‌ಗಳಲ್ಲಿ ಉಳಿದ ಡೇಟಾ ರಾತ್ರಿ 12ಕ್ಕೆ ವ್ಯರ್ಥವಾಗುತ್ತದೆ. ಮಲಗುವ ಮುನ್ನ ಉಳಿದದ್ದೆಷ್ಟು ಎಂದು ನೋಡಿ ನಾಳೆಗೆ ಬೇಕಾದ್ದನ್ನು ಇಳಿಸಿಕೊಂಡರೆ ಹೆಚ್ಚಿನ ಖರ್ಚಿಲ್ಲದೆ ಕೆಲಸವಾಗುತ್ತದೆ. ದೊಡ್ಡ ಫೈಲ್‌ಗಳಿಗೆ ಮನೆಯ ಅಥವಾ ಗ್ರಂಥಾಲಯದ ವೈಫೈ ಕಾಯಿರಿ. ರೈಲು ನಿಲ್ದಾಣಗಳಲ್ಲಿ ರೈಲ್‌ಟೆಲ್‌ನ ವೈಫೈ ಮೊದಲ 30 ನಿಮಿಷ ಉಚಿತವಾಗಿ ಸಿಗುತ್ತದೆ. ವೇಗ ಕಡಿಮೆಯಾದರೂ ಎರಡು ಪಿಡಿಎಫ್, ನಾಲ್ಕು ಎಂಪಿ3 ಇಳಿಯಲು ಅಡ್ಡಿಯಿಲ್ಲ. ಆ ವೈಫೈಯಲ್ಲಿ ಬ್ಯಾಂಕ್ ವ್ಯವಹಾರ ಮಾತ್ರ ಬೇಡ.

ಮೊದಲ ಸ್ಥಾನ ದಾಖಲೆಗೆ

ಇಳಿಸುವುದು ಎಂದ ಕೂಡಲೆ ಸಿನಿಮಾ, ಹಾಡು ನೆನಪಾಗುತ್ತವೆ. ಆದರೆ ನೆಟ್ ಇಲ್ಲದಾಗ ಹಾಡು ಸಿಗದಿದ್ದರೆ ಬೇಜಾರು ಅಷ್ಟೆ, ದಾಖಲೆ ಸಿಗದಿದ್ದರೆ ಕೆಲಸವೇ ಕೆಡುತ್ತದೆ. ಆದ್ದರಿಂದ ಫೋನಿನಲ್ಲಿ ‘ದಾಖಲೆ’ ಎಂದೇ ಒಂದು ಫೋಲ್ಡರ್ ಮಾಡಿ. ಅದರೊಳಗೆ ಪಿಡಿಎಫ್ ರೂಪದಲ್ಲಿ ಆಧಾರ್, ಪಡಿತರ ಚೀಟಿ, ವಾಹನ ಮತ್ತು ಆರೋಗ್ಯ ವಿಮೆಯ ಪಾಲಿಸಿ, ಪಹಣಿ, ಮಕ್ಕಳ ಅಂಕಪಟ್ಟಿ, ವೈದ್ಯರ ಚೀಟಿ, ಇತ್ತೀಚಿನ ರಕ್ತಪರೀಕ್ಷೆಯ ವರದಿ ಇರಲಿ. ಫೈಲ್‌ಗೆ ಅಂಕಿಗಳ ಹೆಸರೇ ಉಳಿದರೆ ಅವಸರದಲ್ಲಿ ಹುಡುಕಲಾಗದು. ‘ಅಪ್ಪ ಶುಗರ್ ವರದಿ ಮಾರ್ಚ್’ ಎಂಬಂತೆ ಹೆಸರು ಬದಲಿಸಿ.

ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತದೆ. ಆಧಾರ್‌ನಲ್ಲಿರುವ ಇಂಗ್ಲಿಷ್ ಹೆಸರಿನ ಮೊದಲ ನಾಲ್ಕು ಅಕ್ಷರಗಳನ್ನು ದೊಡ್ಡಕ್ಷರದಲ್ಲಿ ಬರೆದು, ಮುಂದೆ ಹುಟ್ಟಿದ ವರ್ಷ ಸೇರಿಸಿದರೆ ಅದೇ ಪಾಸ್‌ವರ್ಡ್. ಈ ಸೂತ್ರ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ದೊಡ್ಡ ರಕ್ಷಣೆ ಎಂದುಕೊಳ್ಳಬೇಡಿ. ಲಾಡ್ಜ್‌ನಲ್ಲಿ, ಅಂಗಡಿಯಲ್ಲಿ ತೋರಿಸಲು ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇಳಿಸಿಟ್ಟುಕೊಳ್ಳುವುದು ಜಾಣತನ.

ಡ್ರೈವಿಂಗ್ ಲೈಸೆನ್ಸ್ ಮತ್ತು ಆರ್‌ಸಿ ವಿಷಯ ಬೇರೆ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆಪ್‌ನಲ್ಲಿ ತೋರಿಸಿದರೆ ಅದಕ್ಕೆ ಮೂಲ ದಾಖಲೆಯ ಬೆಲೆ ಇದೆ ಎಂದು ಕೇಂದ್ರ ಸಾರಿಗೆ ಸಚಿವಾಲಯ 2018ರಲ್ಲೇ ಸ್ಪಷ್ಟಪಡಿಸಿದೆ. ಕಾರ್ಡಿನ ಫೋಟೊ ತೆಗೆದು ಗ್ಯಾಲರಿಯಲ್ಲಿ ಇಟ್ಟುಕೊಂಡರೆ ಆ ಮಾನ್ಯತೆ ಇಲ್ಲ. ಆದರೆ ಘಾಟಿಯ ಚೆಕ್‌ಪೋಸ್ಟ್‌ನಲ್ಲಿ ನೆಟ್ ಇಲ್ಲದೆ ಆ ಆಪ್ ತೆರೆಯದಿದ್ದರೆ? ಮನೆಯಲ್ಲೇ ಡೇಟಾ ಆಫ್ ಮಾಡಿ ಒಮ್ಮೆ ತೆರೆದು ನೋಡಿ. ತೆರೆಯದಿದ್ದರೆ ಪರ್ಸ್‌ನಲ್ಲಿ ಕಾರ್ಡ್ ಇರಲಿ. ರೈಲಿನ ಇ-ಟಿಕೆಟ್‌ಗೆ ಈ ಚಿಂತೆ ಇಲ್ಲ. ಐಆರ್‌ಸಿಟಿಸಿ ಕಳಿಸುವ ಎಸ್‌ಎಂಎಸ್ ಮತ್ತು ಮೂಲ ಗುರುತಿನ ಚೀಟಿ ತೋರಿಸಿದರೆ ಸಾಕು. ಅಂಥ ಮೆಸೇಜನ್ನು ಪ್ರಯಾಣ ಮುಗಿಯುವ ತನಕ ಅಳಿಸಬೇಡಿ.

ದಾಖಲೆಗಳನ್ನು ಮೆಮೊರಿ ಕಾರ್ಡ್‌ನಲ್ಲಿ ಇಡಬಾರದು. ಫೋನಿನ ಒಳ ಮೆಮೊರಿಗೆ ಸ್ಕ್ರೀನ್ ಲಾಕ್‌ನ ಕಾವಲಿದೆ. ಮಾಮೂಲಿ ಕಾರ್ಡ್ ಯಾರ ಕೈಗೆ ಸಿಕ್ಕರೂ ಅವರ ಫೋನಿನಲ್ಲಿ ತೆರೆದುಕೊಳ್ಳುತ್ತದೆ. ಗೂಗಲ್‌ನ ‘ಫೈಲ್ಸ್’ ಆಪ್‌ನಲ್ಲಿ ಪಿನ್ ಹಾಕಿ ಮುಚ್ಚಿಡಬಹುದಾದ ‘ಸೇಫ್ ಫೋಲ್ಡರ್’ ಇದೆ, ಅದನ್ನು ಬಳಸಿ. ಆ ಪಿನ್ ಮರೆತರೆ ಒಳಗಿನ ಫೈಲ್‌ಗಳು ಕೈಗೆ ಸಿಗವು ಎಂಬುದೂ ನೆನಪಿರಲಿ. ಒಂದು ಪ್ರತಿ ಬೇರೆಡೆ ಇರಲೇಬೇಕು.

ದಾರಿ ತೋರಲು ನೆಟ್ ಬೇಡ

ನೆಟ್ ಇಲ್ಲದಿದ್ದರೆ ಜಿಪಿಎಸ್ ಇಲ್ಲ ಎಂದು ಬಹಳ ಜನ ನಂಬಿದ್ದಾರೆ. ನಿಜವೆಂದರೆ ಫೋನ್ ತಾನಿರುವ ಜಾಗವನ್ನು ಲೆಕ್ಕ ಹಾಕುವುದು ಉಪಗ್ರಹಗಳ ಸಂಕೇತದಿಂದ. ಅದಕ್ಕೆ ಸಿಮ್ಮೂ ಬೇಡ, ಡೇಟಾವೂ ಬೇಡ. ನೆಟ್ ಇದ್ದರೆ ಯಾವ ಉಪಗ್ರಹ ಎಲ್ಲಿದೆ ಎಂಬ ಮಾಹಿತಿ ಬೇಗ ಸಿಕ್ಕಿ ಮೊದಲ ಬಾರಿ ಗುರುತು ಹತ್ತುವುದು ಬೇಗ ಆಗುತ್ತದೆ. ನೆಟ್ ಇಲ್ಲದಾಗ ಫೋನ್ ಆ ಮಾಹಿತಿಯನ್ನೂ ಉಪಗ್ರಹದಿಂದಲೇ ಪಡೆಯಬೇಕಾದ್ದರಿಂದ ಬಯಲಿನಲ್ಲಿ ಒಂದೆರಡು ನಿಮಿಷ ಕಾಯಬೇಕಾದೀತು. ನೆಟ್ ಬೇಕಾಗುವುದು ಆ ನೀಲಿ ಚುಕ್ಕೆಯ ಕೆಳಗಿನ ನಕ್ಷೆಗೆ. ನಕ್ಷೆಯನ್ನು ಮೊದಲೇ ಇಳಿಸಿಕೊಂಡರೆ ಕೊರತೆ ನೀಗಿತು.

ಗೂಗಲ್ ಮ್ಯಾಪ್ಸ್‌ನಲ್ಲಿ ಮೇಲಿನ ಮೂಲೆಯ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ ‘ಆಫ್‌ಲೈನ್ ಮ್ಯಾಪ್ಸ್’ಗೆ ಹೋಗಿ, ‘ಸೆಲೆಕ್ಟ್ ಯುವರ್ ಓನ್ ಮ್ಯಾಪ್’ ಆರಿಸಿ. ಬರುವ ಚೌಕಟ್ಟಿನೊಳಗೆ ಹೊರಡುವ ಊರು, ತಲುಪುವ ಊರು ಎರಡೂ ಬರುವಂತೆ ಹಿಗ್ಗಿಸಿ ಡೌನ್‌ಲೋಡ್ ಒತ್ತಿ. ಇಳಿಸಿದ ನಕ್ಷೆಗೂ ಅವಧಿ ಇರುವುದರಿಂದ ಆಗಾಗ ವೈಫೈನಲ್ಲಿ ಅಪ್‌ಡೇಟ್ ಮಾಡಿ. ನೆಟ್ ಇಲ್ಲದಾಗ ಗೂಗಲ್ ವಾಹನದ ದಾರಿ ಮಾತ್ರ ಹೇಳುತ್ತದೆ. ನಡಿಗೆಯ ದಾರಿ, ಬಸ್ಸಿನ ವೇಳೆ, ರಸ್ತೆಯ ಆ ಹೊತ್ತಿನ ದಟ್ಟಣೆ ಸಿಗುವುದಿಲ್ಲ. ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿರುವಂಥ, ಮಳೆಗಾಲದಲ್ಲಿ ಘಾಟಿಯೊಂದು ಮುಚ್ಚಿರುವಂಥ ಸಂಗತಿಗಳನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು.

ಚಾರಣಕ್ಕೆ ಹೋಗುವವರಿಗೆ ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮಾಂಡ್ ಇನ್ನೂ ಅನುಕೂಲ. ಇವೆರಡೂ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕ್ಷೆಯನ್ನು ಆಧರಿಸಿದವು, ನೆಟ್ ಇಲ್ಲದೆ ಬಳಸಲೆಂದೇ ರೂಪಿಸಿದವು. ಕಾಲುದಾರಿಗಳೂ ಇವುಗಳಲ್ಲಿ ಸಿಗುತ್ತವೆ. ಆದರೆ ಕಾಡಿನ ಕಾಲುದಾರಿ ಮಳೆಗಾಲಕ್ಕೊಮ್ಮೆ ಬದಲಾಗುತ್ತದೆ. ನಕ್ಷೆ ಇದೆಯೆಂದು ಊರಿನವರ ಮಾತು ಮೀರಿ ಹೋಗಬೇಡಿ. ಹಕ್ಕಿ ನೋಡುವವರು ಕಾರ್ನೆಲ್ ಪಕ್ಷಿ ಪ್ರಯೋಗಾಲಯದ ಮೆರ್ಲಿನ್ ಆಪ್‌ನಲ್ಲಿ ಭಾರತದ ಹಕ್ಕಿಗಳ ಪ್ಯಾಕ್ ಇಳಿಸಿಟ್ಟುಕೊಂಡರೆ ನೆಟ್ ಇಲ್ಲದ ಕಾಡಿನಲ್ಲೂ ಹಕ್ಕಿ ಗುರುತಿಸಲು ನೆರವಾಗುತ್ತದೆ.

ಭಾಷೆ ಗೊತ್ತಿಲ್ಲದ ಊರಿಗೆ ಹೋಗುವವರು ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಕನ್ನಡ ಮತ್ತು ಅಲ್ಲಿನ ಭಾಷೆಯ ಪ್ಯಾಕ್ ಇಳಿಸಿಟ್ಟುಕೊಳ್ಳಬಹುದು. ಕೊಲ್ಲಿ ದೇಶಕ್ಕೆ ಹೊರಟವರು ವಿಮಾನ ನಿಲ್ದಾಣದಲ್ಲಿ ಸಿಮ್ ಕೊಳ್ಳುವ ತನಕ ಇದರ ಬೆಲೆ ಬಲ್ಲರು.

ಓದು ಮತ್ತು ಪಾಠ

ಕಡಿಮೆ ಜಾಗದಲ್ಲಿ ಹೆಚ್ಚು ಲಾಭ ಕೊಡುವುದು ಓದಿನ ಸಾಮಗ್ರಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಶಾಲಾ ಪುಸ್ತಕಗಳ ಪಿಡಿಎಫ್ ಉಚಿತ. ಪಠ್ಯಪುಸ್ತಕದ ಪುಟದಲ್ಲಿ ಕಾಣುವ ಕ್ಯೂಆರ್ ಕೋಡನ್ನು 2017ರಲ್ಲಿ ಆರಂಭವಾದ ದೀಕ್ಷಾ ಆಪ್‌ನಿಂದ ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೊ, ಅಭ್ಯಾಸ ತೆರೆಯುತ್ತವೆ. ಅವನ್ನು ಆಪ್‌ನೊಳಗೇ ಇಳಿಸಿಟ್ಟು ನೆಟ್ ಇಲ್ಲದೆ ನೋಡಬಹುದು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ ಜಾಲತಾಣದಲ್ಲಿ ಕನ್ನಡದ ನಿಘಂಟುಗಳೂ ಪುಸ್ತಕಗಳೂ ಇವೆ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಕಿವಿಕ್ಸ್ ಎಂಬ ಉಚಿತ ಆಪ್ ಗೊತ್ತಿರಬೇಕು. ಇಡೀ ವಿಕಿಪೀಡಿಯವನ್ನು ಒಂದೇ ಫೈಲ್ ಆಗಿ ಇಳಿಸಿಕೊಂಡು, ನೆಟ್ ಇಲ್ಲದೆ ಹುಡುಕಿ ಓದುವ ಸೌಲಭ್ಯ ಅದು. ಚಿತ್ರಸಹಿತ ಇಂಗ್ಲಿಷ್ ವಿಕಿಪೀಡಿಯ ಸುಮಾರು 100 ಜಿಬಿ ಇರುವುದರಿಂದ ಫೋನಿಗೆ ಅದು ಭಾರ. ಆದರೆ ಚಿತ್ರವಿಲ್ಲದ ಆವೃತ್ತಿಗಳೂ ವಿಷಯವಾರು ಸಣ್ಣ ಸಂಗ್ರಹಗಳೂ ಸಿಗುತ್ತವೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವೂ ಅದರ ಪಟ್ಟಿಯಲ್ಲಿದೆ, ಗಾತ್ರದಲ್ಲಿ ಇಂಗ್ಲಿಷಿಗಿಂತ ಎಷ್ಟೋ ಚಿಕ್ಕದು. ಹಳ್ಳಿಯ ಗ್ರಂಥಾಲಯವೊಂದು ಒಂದು ಹಳೆಯ ಟ್ಯಾಬ್‌ನಲ್ಲಿ ಇದನ್ನು ತುಂಬಿಸಿಟ್ಟರೆ ಮಕ್ಕಳಿಗೆ ಒಂದು ವಿಶ್ವಕೋಶವೇ ಸಿಕ್ಕಿತು.

ಪುಸ್ತಕಕ್ಕೆ ಪಿಡಿಎಫ್ ಒಳ್ಳೆಯದೋ ಇಪಬ್ ಒಳ್ಳೆಯದೋ? ಎರಡೂ ಸಿಗುವುದಾದರೆ ಫೋನಿಗೆ ಇಪಬ್ ಆರಿಸಿ. ಅಕ್ಷರ ದೊಡ್ಡದು ಮಾಡಿದಾಗ ಸಾಲುಗಳು ಪರದೆಯ ಅಗಲಕ್ಕೆ ಹೊಂದಿಕೊಳ್ಳುತ್ತವೆ. ಪಿಡಿಎಫ್‌ನಲ್ಲಿ ಪುಟವನ್ನು ಅತ್ತಿತ್ತ ಎಳೆದು ಓದಬೇಕು. ಹಳೆಯ ನುಡಿ, ಬರಹ ಫಾಂಟಿನ ಪಿಡಿಎಫ್‌ಗಳಲ್ಲಿ ಕನ್ನಡ ಪದ ಹುಡುಕಿದರೆ ಸಿಗದು, ನಕಲು ಮಾಡಿದರೆ ಅರ್ಥವಿಲ್ಲದ ಅಕ್ಷರ ಬರುತ್ತದೆ. ಅದು ಫೋನಿನ ದೋಷವಲ್ಲ, ಅವು ಯೂನಿಕೋಡ್‌ಗಿಂತ ಮೊದಲಿನ ಸಂಕೇತದವು. ಇನ್ನು ಜಾಲತಾಣದ ಲೇಖನ ಉಳಿಸಿಕೊಳ್ಳಲು ಕ್ರೋಮ್‌ನ ಮೂರು ಚುಕ್ಕೆಯೊಳಗಿನ ಕೆಳಮುಖ ಬಾಣ ಒತ್ತಿದರೆ ಪುಟ ಇಳಿಯುತ್ತದೆ. ಖಾಯಂ ಬೇಕಿದ್ದರೆ ‘ಶೇರ್’ಗೆ ಹೋಗಿ ‘ಪ್ರಿಂಟ್’ ಒತ್ತಿ, ಪ್ರಿಂಟರ್‌ನ ಜಾಗದಲ್ಲಿ ‘ಸೇವ್ ಆ್ಯಸ್ ಪಿಡಿಎಫ್’ ಆರಿಸಿ.

ಇಳಿಸಿದ ಪುಸ್ತಕವನ್ನು ಎಲ್ಲರಿಗೂ ಹಂಚಬಹುದೇ? ನಮ್ಮ ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕರು ತೀರಿಕೊಂಡ 60 ವರ್ಷದ ನಂತರ ಕೃತಿ ಸಾರ್ವಜನಿಕ ಸ್ವತ್ತಾಗುತ್ತದೆ. ಮುದ್ದಣ, ಪಂಜೆ ಮಂಗೇಶರಾಯರು, ಗಳಗನಾಥರು, ಬಿ.ಎಂ.ಶ್ರೀ. ಇವರ ಬರಹಗಳನ್ನು ಧೈರ್ಯವಾಗಿ ಹಂಚಿಕೊಳ್ಳಿ. ನಿನ್ನೆ ಮೊನ್ನೆ ಬಂದ ಪುಸ್ತಕದ ಪಿಡಿಎಫ್ ಗುಂಪಿನಿಂದ ಗುಂಪಿಗೆ ಹರಿದಾಡಿದರೆ ಪೆಟ್ಟು ಬೀಳುವುದು ಕನ್ನಡದ ಲೇಖಕರಿಗೆ, ಸಣ್ಣ ಪ್ರಕಾಶಕರಿಗೆ. ಸಿನಿಮಾಕ್ಕೂ ಇದೇ ಮಾತು.

ಹಾಡು, ಮಾತು, ಚಿತ್ರ

ಪಾಡ್‌ಕಾಸ್ಟ್‌ಗಳನ್ನು ಇಳಿಸಿಕೊಳ್ಳುವುದು ಸುಲಭ. ಹೆಚ್ಚಿನ ಆಪ್‌ಗಳಲ್ಲಿ ಹೊಸ ಕಂತು ಬಂದಾಗ ವೈಫೈನಲ್ಲಿ ತಾನಾಗಿಯೇ ಇಳಿಯುವಂತೆ, ಕೇಳಿ ಮುಗಿಸಿದ್ದು ಅಳಿಸಿಹೋಗುವಂತೆ ಹೊಂದಿಸಬಹುದು. ಸ್ಪಾಟಿಫೈನಲ್ಲಿ ಹಾಡು ಇಳಿಸಲು ಹಣ ಕೊಡಬೇಕು, ಪಾಡ್‌ಕಾಸ್ಟ್‌ಗೆ ಬೇಡ.

ಯೂಟ್ಯೂಬ್‌ನಲ್ಲಿ ವಿಡಿಯೊದ ಕೆಳಗಿನ ‘ಡೌನ್‌ಲೋಡ್’ ಒತ್ತಿದರೆ ಅನುಮತಿ ಇರುವ ವಿಡಿಯೊಗಳು ಇಳಿಯುತ್ತವೆ. ಎಲ್ಲಕ್ಕೂ ಆ ಅನುಮತಿ ಇರುವುದಿಲ್ಲ. ಇಳಿಸಿಕೊಡುತ್ತೇವೆ ಎನ್ನುವ ಬೇರೆ ಜಾಲತಾಣ, ಆಪ್‌ಗಳ ಹಿಂದೆ ಹೋಗಬೇಡಿ. ಜಾಹೀರಾತಿನ ಜೊತೆ ವೈರಸ್ಸೂ ಬಂದೀತು. ಮನೆಯ ಸಮಾರಂಭದ, ಊರ ಜಾತ್ರೆಯ ನಿಮ್ಮದೇ ವಿಡಿಯೊಗಳನ್ನು ಯೂಟ್ಯೂಬ್‌ಗೆ ಏರಿಸಿ ಫೋನಿನಿಂದ ಅಳಿಸಿ ಕೂರಬೇಡಿ. ಮೂಲ ಪ್ರತಿ ನಿಮ್ಮಲ್ಲೇ ಇರಲಿ. ಯಾವುದೋ ಫೈಲ್ ತೆರೆಯುತ್ತಿಲ್ಲ ಎಂದರೆ ಉಚಿತವಾದ ವಿಎಲ್‌ಸಿ ಆಪ್ ಹಾಕಿಕೊಳ್ಳಿ. ಜಾಹೀರಾತಿಲ್ಲದ ಈ ಆಪ್ ಸಾಮಾನ್ಯವಾಗಿ ಎಲ್ಲ ಬಗೆಯ ವಿಡಿಯೊ, ಆಡಿಯೊ ನಡೆಸುತ್ತದೆ.

ಮೆಮೊರಿ ಕಾರ್ಡ್ ಕೊಳ್ಳುವ ಮುನ್ನ

ಫೋನಿನಲ್ಲಿ ಕಾರ್ಡಿನ ಜಾಗ ಇದ್ದರೆ ಸಿನಿಮಾ, ಹಾಡು, ಪಾಠದ ವಿಡಿಯೊಗಳನ್ನು ಅದಕ್ಕೆ ಹಾಕಿ. ಕಾರ್ಡಿನ ಮೇಲೆ ‘ಎ1’ ಅಥವಾ ‘ಎ2’ ಗುರುತಿದ್ದರೆ ಫೋನಿನ ಬಳಕೆಗೆ ಚೆನ್ನಾಗಿ ಹೊಂದುತ್ತದೆ. ಅರ್ಧ ಬೆಲೆಗೆ ಸಿಗುವ ಭಾರಿ ಗಾತ್ರದ ಕಾರ್ಡ್‌ಗಳ ಬಗ್ಗೆ ಎಚ್ಚರ. 512 ಜಿಬಿ ಎಂದು ಅಚ್ಚಾಗಿರುವ ನಕಲಿ ಕಾರ್ಡಿನೊಳಗೆ 16 ಜಿಬಿಯಷ್ಟೇ ಇರಬಹುದು. ಅಷ್ಟು ತುಂಬಿದ ಮೇಲೆ ಹಾಕಿದ್ದೆಲ್ಲ ಹಾಳಾಗುತ್ತದೆ. ಹೊಸ ಕಾರ್ಡನ್ನು ಕಂಪ್ಯೂಟರ್‌ಗೆ ಸಿಕ್ಕಿಸಿ ‘ಎಚ್2ಟೆಸ್ಟ್‌ಡಬ್ಲ್ಯು’ ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ಬರೆದು ಓದಿಸಿದರೆ ಬಣ್ಣ ಬಯಲಾಗುತ್ತದೆ.

4 ಜಿಬಿಗಿಂತ ದೊಡ್ಡ ಸಿನಿಮಾ ಫೈಲ್ ಕಾರ್ಡಿಗೆ ಹೋಗುತ್ತಿಲ್ಲವೇ? ಕಾರ್ಡ್ ಫ್ಯಾಟ್32 ಎಂಬ ಹಳೆಯ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿರುತ್ತದೆ. ಒಳಗಿದ್ದುದನ್ನು ಬೇರೆಡೆ ನಕಲಿಸಿ ಎಕ್ಸ್‌ಫ್ಯಾಟ್‌ಗೆ ಬದಲಿಸಿದರೆ ಸರಿಹೋಗುತ್ತದೆ. ಕೆಲವು ಫೋನ್‌ಗಳು ಕಾರ್ಡನ್ನು ಒಳ ಮೆಮೊರಿಯಂತೆ ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತವೆ. ಹೌದೆಂದರೆ ಆ ಕಾರ್ಡ್ ಬೇರೆ ಯಾವ ಫೋನಿನಲ್ಲೂ ತೆರೆಯುವುದಿಲ್ಲ. ಸಿನಿಮಾ, ಹಾಡಿಗೆ ಇಡುವ ಕಾರ್ಡ್ ‘ಪೋರ್ಟಬಲ್’ ಆಗಿಯೇ ಇರಲಿ. ಕಾರ್ಡಿನ ಜಾಗ ಇಲ್ಲದ ಫೋನಿಗೆ ಒಟಿಜಿ ಪೆನ್‌ಡ್ರೈವ್ ಇದೆ. ಯಾವುದನ್ನೇ ಬಳಸಿ, ಒಂದೇ ಪ್ರತಿಯನ್ನು ನಂಬಬೇಡಿ. ಇವು ಮುನ್ಸೂಚನೆ ಕೊಡದೆ ಕೆಡುತ್ತವೆ.

ನೆಟ್ ಇಲ್ಲದೆ ಹಂಚುವುದು

ಒಬ್ಬರು ಇಳಿಸಿದ್ದನ್ನು ಹತ್ತು ಮಂದಿ ಹಂಚಿಕೊಂಡರೆ ಹತ್ತು ಜನರ ಡೇಟಾ ಉಳಿಯುತ್ತದೆ. ಹಿಂದೆ ಇದಕ್ಕೆ ಶೇರ್‌ಇಟ್, ಕ್ಸೆಂಡರ್ ಬಳಸುತ್ತಿದ್ದರು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ 59 ಆಪ್‌ಗಳಲ್ಲಿ ಅವೂ ಸೇರಿದವು. ಈಗ ಆಂಡ್ರಾಯ್ಡ್ ಫೋನ್‌ಗಳಲ್ಲೇ ‘ಕ್ವಿಕ್ ಶೇರ್’ ಇದೆ, ಬೇರೆ ಆಪ್ ಬೇಡ. ಎರಡೂ ಫೋನ್‌ಗಳಲ್ಲಿ ಬ್ಲೂಟೂತ್, ವೈಫೈ ಆನ್ ಮಾಡಿ ಫೈಲ್‌ನ ‘ಶೇರ್’ ಒತ್ತಿದರೆ ಹತ್ತಿರದ ಫೋನಿನ ಹೆಸರು ಕಾಣುತ್ತದೆ. ನೂರಾರು ಎಂಬಿಯ ವಿಡಿಯೊ ಕೂಡ ಡೇಟಾ ಖರ್ಚಿಲ್ಲದೆ ದಾಟುತ್ತದೆ. ಐಫೋನ್‌ಗಳ ನಡುವೆ ಏರ್‌ಡ್ರಾಪ್ ಇದೆ. ಶಿಕ್ಷಕರು ಪಟ್ಟಣದಲ್ಲಿ ವಾರದ ಪಾಠ ಇಳಿಸಿಕೊಂಡು ತರಗತಿಯಲ್ಲಿ ಹೀಗೆ ಹಂಚಬಹುದು.

ಹೊರಡುವ ಹಿಂದಿನ ರಾತ್ರಿ

• ಹೋಗುವ ಪ್ರದೇಶದ ನಕ್ಷೆ ಇಳಿದಿದೆಯೇ, ಅವಧಿ ಮುಗಿದಿಲ್ಲವಷ್ಟೆ?
• ಟಿಕೆಟ್, ಲಾಡ್ಜ್ ಬುಕಿಂಗ್, ಗುರುತಿನ ಚೀಟಿ ‘ದಾಖಲೆ’ ಫೋಲ್ಡರ್‌ನಲ್ಲಿ ಇವೆಯೇ?
• ಲಾಕ್ ಸ್ಕ್ರೀನ್‌ನ ತುರ್ತು ಮಾಹಿತಿಯಲ್ಲಿ ರಕ್ತದ ಗುಂಪು, ಅಲರ್ಜಿ, ಮನೆಯವರ ನಂಬರ್ ತುಂಬಿದ್ದೀರಾ?
• ಸೇವಾ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಇದ್ದರೆ 112ಕ್ಕೆ ಕರೆ ಹೋಗುತ್ತದೆ ಎಂಬುದು ಜೊತೆಯವರಿಗೂ ಗೊತ್ತಿದೆಯೇ?
• ಡೇಟಾ ಇಲ್ಲದೆ ಕರೆ ಮಾಡುವಷ್ಟು ಸಿಗ್ನಲ್ ಇದ್ದರೆ *99# ಒತ್ತಿ ಯುಪಿಐ ಹಣ ಕಳಿಸಬಹುದು. ಆದರೂ ಸ್ವಲ್ಪ ನಗದು ಇಟ್ಟುಕೊಂಡಿದ್ದೀರಾ?
• ಪವರ್ ಬ್ಯಾಂಕ್ ತುಂಬಿದೆಯೇ? ಸಿಗ್ನಲ್ ಇಲ್ಲದ ಕಡೆ ಫೋನ್ ಟವರ್ ಹುಡುಕಿ ಹುಡುಕಿ ಬ್ಯಾಟರಿ ಇಳಿಸುತ್ತದೆ. ಅಲ್ಲಿ ಏರೋಪ್ಲೇನ್ ಮೋಡ್ ಹಾಕಿ, ಇಳಿಸಿದ ನಕ್ಷೆ ಆಗಲೂ ನಡೆಯುತ್ತದೆ.
• ನಾಲ್ಕು ಮುಖ್ಯ ನಂಬರ್‌ಗಳನ್ನು ಚೀಟಿಯಲ್ಲಿ ಬರೆದು ಪರ್ಸ್‌ಗೆ ಹಾಕಿದಿರಾ? ಚಾರ್ಜ್ ಮುಗಿದ ಫೋನಿನಲ್ಲಿ ಇಳಿಸಿಟ್ಟ ಯಾವುದೂ ಕೆಲಸಕ್ಕೆ ಬರುವುದಿಲ್ಲ.

ಮನೆಯಲ್ಲೇ ಪರೀಕ್ಷೆ

ಇಷ್ಟೆಲ್ಲ ಮಾಡಿಯೂ ಒಂದು ಕೆಲಸ ಬಿಟ್ಟರೆ ಭರವಸೆ ಇಲ್ಲ. ಏರೋಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ಆಫ್ ಆಗಿದೆ ಎಂದು ನೋಡಿಕೊಂಡು ಫೋನನ್ನು ಒಮ್ಮೆ ಸ್ವಿಚ್ ಆಫ್ ಮಾಡಿ ಆನ್ ಮಾಡಿ. ಆಮೇಲೆ ನಕ್ಷೆ ತೆರೆಯಿರಿ, ದಾಖಲೆ ತೆರೆಯಿರಿ, ಹಾಡು ಹಚ್ಚಿ, ಪಾಠದ ವಿಡಿಯೊವನ್ನು ನಡುವೆ ಎಲ್ಲಾದರೂ ಎಳೆದು ನೋಡಿ. ತಿರುಗುವ ಚಕ್ರ ಕಂಡರೆ, ‘ನೋ ಇಂಟರ್ನೆಟ್’ ಎಂದರೆ, ಲಾಗಿನ್ ಕೇಳಿದರೆ ಅದು ಫೋನಿನಲ್ಲಿ ಇಲ್ಲ ಎಂದೇ ಅರ್ಥ. ಮನೆಯಲ್ಲೇ ಗೊತ್ತಾದರೆ ಐದು ನಿಮಿಷದಲ್ಲಿ ಸರಿಪಡಿಸಬಹುದು.

ತಿಂಗಳಿಗೊಮ್ಮೆ ಈ ಪರೀಕ್ಷೆ ಮಾಡಿ. ನೋಡಿ ಮುಗಿದ ವಿಡಿಯೊ ಅಳಿಸಿ, ಗಡುವು ಮುಗಿದ ನಕ್ಷೆ ಹೊಸದಾಗಿಸಿ, ದಾಖಲೆಗಳ ಒಂದು ಪ್ರತಿ ಪೆನ್‌ಡ್ರೈವ್‌ಗೋ ಮನೆಯ ಕಂಪ್ಯೂಟರ್‌ಗೋ ಹೋಗಲಿ. ಮನೆಯಲ್ಲಿ ಹಿರಿಯರಿದ್ದರೆ ಅವರ ಫೋನಿಗೂ ಇದನ್ನು ನೀವೇ ಮಾಡಿಕೊಡಿ. ವೈದ್ಯರ ಚೀಟಿ, ವಿಮೆಯ ಕಾಗದ ತುರ್ತಾಗಿ ಬೇಕಾಗುವುದು ಹೆಚ್ಚಾಗಿ ಅವರಿಗೇ, ಸೆಟ್ಟಿಂಗ್ಸ್ ಹುಡುಕುವ ತಾಳ್ಮೆ ಕಡಿಮೆ ಇರುವುದೂ ಅವರಿಗೇ.